ಬಂದರೆ ಕುರ್ಚಿ ಹೋಗುವ ಊರಿನಲ್ಲಿ

ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಹೆಚ್ಚು ದಿನ ಕುರ್ಚಿಯಲ್ಲಿ ಉಳಿಯುವುದಿಲ್ಲ. ಈ ಮಾತನ್ನು ಮೊದಲು ಯಾರು ಆಡಿದರೋ ತಿಳಿಯದು. ಆದರೆ ನಂಬಿದವರು ಸಣ್ಣಪುಟ್ಟವರಲ್ಲ. ಒಂದಿಡೀ ರಾಜ್ಯದ ಆಡಳಿತ ನಡೆಸಿದವರು, ಲಕ್ಷಾಂತರ ಜನರೆದುರು ನಿರ್ಭಯವಾಗಿ ಭಾಷಣ ಮಾಡಿದವರು, ವಿರೋಧಿಗಳನ್ನು ಮಣ್ಣು ಮುಕ್ಕಿಸಿದವರು. ಅವರೆಲ್ಲ ಮೈಸೂರಿನಿಂದ ಒಂದೂವರೆ ಗಂಟೆಯ ಹಾದಿಯಲ್ಲಿರುವ ಒಂದು ಪಟ್ಟಣಕ್ಕೆ ಹೆದರಿ ದೂರ ನಿಂತರು.

ನಂಬಿಕೆಗೆ ಸಾಕ್ಷಿಯಾಗಿ ಒಪ್ಪಿಸುವ ಪಟ್ಟಿ ಈ ಭಾಗದ ಚಹಾದಂಗಡಿಗಳಲ್ಲಿ ಎಲ್ಲರಿಗೂ ಬಾಯಿಪಾಠ. ದೇವರಾಜ ಅರಸು ಬಂದರು, 1980ರ ಜನವರಿಯಲ್ಲಿ ಅಧಿಕಾರ ಹೋಯಿತು. ಗುಂಡೂರಾವ್ ಬಂದರು, 1983ರ ಚುನಾವಣೆಯಲ್ಲಿ ಸೋತರು. ರಾಮಕೃಷ್ಣ ಹೆಗಡೆ 1988ರಲ್ಲಿ, ಎಸ್.ಆರ್. ಬೊಮ್ಮಾಯಿ 1989ರಲ್ಲಿ, ವೀರೇಂದ್ರ ಪಾಟೀಲ 1990ರಲ್ಲಿ ಇಳಿದರು. ಆಮೇಲೆ ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಮುಖ್ಯಮಂತ್ರಿಗಳ ಪ್ರವಾಸ ಪಟ್ಟಿಯಿಂದ ಈ ಊರಿನ ಹೆಸರೇ ಮಾಯವಾಯಿತು. 1997ರ ಆಗಸ್ಟ್ 15ರಂದು ಮೈಸೂರಿನಿಂದ ಬೇರ್ಪಟ್ಟು ಚಾಮರಾಜನಗರ ಹೊಸ ಜಿಲ್ಲೆಯಾಯಿತು. ಆಗ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಉದ್ಘಾಟನೆ ಮಾಡಿದ್ದು ಜಿಲ್ಲಾ ಕೇಂದ್ರವನ್ನು ಬಿಟ್ಟು ಮಲೆ ಮಹದೇಶ್ವರ ಬೆಟ್ಟದಲ್ಲಿ. ಮಗುವಿನ ನಾಮಕರಣಕ್ಕೆ ಬಂದ ಸೋದರಮಾವ ಹೊಸ್ತಿಲು ದಾಟದೆ ಹಿತ್ತಲಲ್ಲೇ ತೊಟ್ಟಿಲು ತೂಗಿ ಹೊರಟಂತೆ.

ಇದೇ ಊರು ಅರಿಕುಠಾರವಾಗಿದ್ದಾಗ ಇಲ್ಲಿ ಹುಟ್ಟಿದ ಮಗು ಮುಂದೆ ಚಾಮರಾಜ ಒಡೆಯರಾಗಿ ಪಟ್ಟಕ್ಕೆ ಬಂದಿತ್ತು. ಅವರ ಮಗ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ತಂದೆಯ ಹೆಸರನ್ನು ಊರಿಗಿಟ್ಟರು, ಚಾಮರಾಜೇಶ್ವರನ ದೇವಾಲಯವನ್ನೂ ಕಟ್ಟಿಸಿದರು. ರಾಜನನ್ನು ಹೆತ್ತ ಊರಿಗೆ ಪ್ರಜಾಪ್ರಭುತ್ವದ ಕಾಲದಲ್ಲಿ ಪಟ್ಟ ಕಳೆಯುವ ಊರೆಂಬ ಅಪವಾದ ಬಂದದ್ದು ವಿಚಿತ್ರವೇ ಸರಿ.

ಈಗ ಕೊಂಚ ಲೆಕ್ಕ ನೋಡೋಣ. ಅರಸು ಇಳಿದದ್ದು ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಕಾಂಗ್ರೆಸ್ ಗೆದ್ದ ಮೇಲೆ ಶಾಸಕರು ಅತ್ತ ಹಾರಿದ್ದರಿಂದ. ಹೆಗಡೆ ರಾಜೀನಾಮೆ ಕೊಟ್ಟದ್ದು ಟೆಲಿಫೋನ್ ಕದ್ದಾಲಿಕೆಯ ಹಗರಣದಿಂದ. ಬೊಮ್ಮಾಯಿ ಸರ್ಕಾರ ಬಿದ್ದದ್ದು ಪಕ್ಷಾಂತರದ ಗದ್ದಲದಲ್ಲಿ. ಅದನ್ನು ವಜಾ ಮಾಡಿದ ರೀತಿಯೇ ತಪ್ಪೆಂದು 1994ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ವೀರೇಂದ್ರ ಪಾಟೀಲರನ್ನು ಅನಾರೋಗ್ಯದ ನಡುವೆ ದೆಹಲಿಯ ವರಿಷ್ಠರು ಇಳಿಸಿದರು. 2007ರಲ್ಲಿ ಧೈರ್ಯ ಮಾಡಿ ಬಂದ ಎಚ್.ಡಿ. ಕುಮಾರಸ್ವಾಮಿ ಅಧಿಕಾರ ಕಳೆದುಕೊಂಡದ್ದು ಪಾಲುದಾರ ಪಕ್ಷಕ್ಕೆ ಕುರ್ಚಿ ಬಿಟ್ಟುಕೊಡುವ ಕರಾರು ಮುರಿದದ್ದರಿಂದ. ಇದರಲ್ಲಿ ಚಾಮರಾಜೇಶ್ವರನ ಪಾತ್ರ ಎಲ್ಲಿದೆ? ಪಟ್ಟಣದಿಂದ ದೂರವೇ ಉಳಿದ ಎಸ್.ಎಂ. ಕೃಷ್ಣ 2004ರಲ್ಲಿ ಸೋತರಲ್ಲ! ದೂರ ಉಳಿದ ಯಡಿಯೂರಪ್ಪ 2011ರಲ್ಲೂ ಇಳಿದರು, 2021ರಲ್ಲೂ ಇಳಿದರು. ಕರ್ನಾಟಕದಲ್ಲಿ ಐದು ವರ್ಷ ಪೂರೈಸಿದ ಮುಖ್ಯಮಂತ್ರಿಗಳನ್ನು ಬೆರಳೆಣಿಕೆಯಲ್ಲಿ ಹೇಳಿ ಮುಗಿಸಬಹುದು. ಬಂದವರೂ ಇಳಿದರು, ಬಾರದವರೂ ಇಳಿದರು. 2013ರಲ್ಲಿ ಅಧಿಕಾರಕ್ಕೆ ಬಂದ ಸಿದ್ದರಾಮಯ್ಯ ಮತ್ತೆ ಮತ್ತೆ ಇಲ್ಲಿಗೆ ಬಂದರು. ಅರಸು ಬಳಿಕ ಐದು ವರ್ಷ ಪೂರೈಸಿದವರು ಅವರೇ. ಅಲ್ಲಿಗೆ ಕತೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮೂಢನಂಬಿಕೆಗೆ ತನ್ನ ಪರವಾದ ಸಾಕ್ಷಿ ಮಾತ್ರ ನೆನಪಿರುತ್ತದೆ.

ನಾಯಕತ್ವದ ಬಗ್ಗೆ ಪುಸ್ತಕಗಳು ಬೇಕಾದಷ್ಟಿವೆ, ತರಬೇತಿ ಶಿಬಿರಗಳಿವೆ. ದೂರದೃಷ್ಟಿ, ಸಂವಹನ, ಆತ್ಮವಿಶ್ವಾಸ ಎಂದು ಗುಣಗಳ ಪಟ್ಟಿ ಕೊಡುತ್ತಾರೆ. ಆ ಪಟ್ಟಿಗಳಲ್ಲಿ ಕಾಣದ ಒಂದು ಸರಳ ಸಂಗತಿಯನ್ನು ಈ ಜಿಲ್ಲೆ ಕಲಿಸುತ್ತದೆ. ನಾಯಕನಾದವನು ಬರಬೇಕು. ತನಗೆ ಲಾಭವಿಲ್ಲದಲ್ಲಿಗೆ, ಬಂದರೆ ಏನಾದರೂ ಕಳೆದುಕೊಳ್ಳಬಹುದು ಎಂಬಲ್ಲಿಗೆ ಬರಬೇಕು. ಬಂದ ಮೇಲೆ ಏನು ಮಾಡಬೇಕೆಂಬುದು ಎರಡನೆಯ ಪ್ರಶ್ನೆ. ಅದು ಇನ್ನೂ ಕಷ್ಟದ್ದು.

ಬಾರದಿರುವುದರ ಬೆಲೆ ಏನೆಂದು ಈ ಊರಿಗೆ ಗೊತ್ತಿದೆ. ಅಭಿವೃದ್ಧಿಯ ಕಡತಗಳು ಹಿಂದೆ ಬಿದ್ದದ್ದಕ್ಕೆ ಮೂಢನಂಬಿಕೆಯೊಂದನ್ನೇ ದೂರುವುದು ಅತಿಯಾದೀತು. ಆದರೆ ರಾಜ್ಯದ ಮುಖ್ಯಸ್ಥ ಕಾಲಿಡಲು ಅಂಜುವ ಊರಿಗೆ ವರ್ಗವಾಗಿ ಬರುವ ಅಧಿಕಾರಿಯೂ ಅದನ್ನು ಶಿಕ್ಷೆಯೆಂದೇ ಎಣಿಸುತ್ತಾನೆ, ಪೆಟ್ಟಿಗೆ ಬಿಚ್ಚುವ ಮೊದಲೇ ಮುಂದಿನ ವರ್ಗಾವಣೆಗೆ ಓಡಾಡುತ್ತಾನೆ. 2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನವರೆಗೆ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಬರಿದಾಯಿತು. 24 ಮಂದಿ ಸತ್ತ ಸುದ್ದಿ ದೇಶವನ್ನೇ ನಡುಗಿಸಿತು. ಆಮ್ಲಜನಕವಿಲ್ಲದೆ ಸತ್ತವರು ಮೂವರು ಮಾತ್ರ ಎಂದು ಸರ್ಕಾರದ ಕಡೆಯಿಂದ ಮೊದಲು ಹೇಳಿಕೆ ಬಂತು. ಸಿಲಿಂಡರ್ ಕಳಿಸಬೇಕಾದವರು ಯಾರು, ತರಿಸಿಕೊಳ್ಳಬೇಕಾದವರು ಯಾರು ಎಂದು ದಿನಗಟ್ಟಲೆ ವಾಗ್ವಾದ ನಡೆಯಿತು. ಹೈಕೋರ್ಟು ನೇಮಿಸಿದ ಸಮಿತಿ ಬಂದು ಹೇಳುವವರೆಗೆ ಆ ರಾತ್ರಿ ಆಸ್ಪತ್ರೆಯಲ್ಲಿ ಆಮ್ಲಜನಕ ಇರಲಿಲ್ಲ ಎಂಬ ಸರಳ ಸತ್ಯಕ್ಕೂ ಅಧಿಕೃತ ಮುದ್ರೆ ಬೀಳಲಿಲ್ಲ. ತಪ್ಪು ಯಾರದೆಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ನನ್ನನ್ನು ಕಾಡುವುದು ಬೇರೊಂದು. ಅಂದು ಬೆಳಗ್ಗೆ ಆಸ್ಪತ್ರೆಯ ಮುಂದೆ ಕೂತು ಎದೆ ಬಡಿದುಕೊಳ್ಳುತ್ತಿದ್ದ ಜನರ ನಡುವೆ ಬಂದು ‘ಇದು ನನ್ನ ಹೊಣೆ’ ಎಂದು ಹೇಳಲು ಒಬ್ಬರೂ ಇರಲಿಲ್ಲ.

ಈ ಸೀಮೆಯ ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಕತೆಯಲ್ಲಿ ಶ್ರವಣನೆಂಬ ದೊರೆ ದೇವಾನುದೇವತೆಗಳನ್ನೇ ಸೆರೆಯಿಟ್ಟು ಚಾಕರಿ ಮಾಡಿಸುತ್ತಾನೆ. ಅವನನ್ನು ಬಗ್ಗುಬಡಿದ ಮಾದಪ್ಪ, ಅಂದರೆ ಮಲೆ ಮಹದೇಶ್ವರ, ಅರಮನೆ ಕಟ್ಟಿಕೊಳ್ಳುವುದಿಲ್ಲ. ಏಳು ಮಲೆ ಹತ್ತಿ ಕಾಡಿನ ಜನರ ನಡುವೆ ಹೋಗಿ ಕೂರುತ್ತಾನೆ. ಸೋಲಿಗರ ಸಂಕಮ್ಮನ ಕಷ್ಟ ಕೇಳಲು ತಾನೇ ಅವಳ ಗುಡಿಸಲಿಗೆ ಹೋಗುತ್ತಾನೆ. ಅಕ್ಷರ ಕಲಿಯದವರು ತಲೆಮಾರುಗಳಿಂದ ಹಾಡಿಕೊಂಡು ಬಂದ ಈ ಕತೆಯಲ್ಲಿ ದೊಡ್ಡವರ ಬಗ್ಗೆ ಜನರ ನಿರೀಕ್ಷೆ ಏನೆಂಬುದು ಸ್ಪಷ್ಟವಾಗಿದೆ.

ಹಾಗೆ ಬಂದು ಕೂತ ಒಬ್ಬ ಅಧಿಕಾರಿ ಇದ್ದರು. ಹೆಸರು ಪಿ. ಶ್ರೀನಿವಾಸ್. ಆಂಧ್ರದ ರಾಜಮಹೇಂದ್ರಿಯವರು, ಅರಣ್ಯ ಸೇವೆಯ ಅಧಿಕಾರಿ, ಈ ಭಾಗದಲ್ಲಿ ಉಪ ಅರಣ್ಯ ಸಂರಕ್ಷಣಾಧಿಕಾರಿ. ಕಾಡುಗಳ್ಳ ವೀರಪ್ಪನ್ ಹುಟ್ಟಿದ ಗೋಪಿನಾಥಂ ಈಗ ಹನೂರು ತಾಲ್ಲೂಕಿನಲ್ಲಿದೆ. ಆಗ ಅಲ್ಲಿಗೆ ಪೊಲೀಸರು ಹೋಗುತ್ತಿದ್ದುದು ಬಂದೂಕು ಹಿಡಿದು, ದಂಡು ಕಟ್ಟಿಕೊಂಡು, ಹಗಲಲ್ಲಿ. ಶ್ರೀನಿವಾಸ್ ಆ ಊರಿನಲ್ಲೇ ಬಿಡಾರ ಹೂಡಿದರು. ಕುಡಿಯುವ ನೀರಿಗೆ, ಔಷಧಿಗೆ ವ್ಯವಸ್ಥೆ ಮಾಡಿಸಿದರು. ಮನೆಗಳನ್ನು ಕಟ್ಟಿಸಿದರು. ಊರವರ ಜೊತೆ ಸೇರಿ ಮಾರಿಯಮ್ಮನ ಗುಡಿ ಎಬ್ಬಿಸಿದರು. ಒಂದು ಊರು ಒಬ್ಬ ಕಳ್ಳಬೇಟೆಗಾರನನ್ನು ಏಕೆ ಕಾಯುತ್ತದೆ ಎಂಬುದನ್ನು ಅರಿಯದೆ ಅವನನ್ನು ಹಿಡಿಯಲಾಗದು ಎಂಬುದು ಅವರ ಎಣಿಕೆ. ಶ್ರೀಗಂಧ, ದಂತದ ದುಡ್ಡು ಬಿಟ್ಟರೆ ಆ ಊರಿಗೆ ಬೇರೆ ಸಂಪಾದನೆ ಇರಲಿಲ್ಲ. ಸರ್ಕಾರವೆಂದರೆ ಲಾಠಿ ಎಂದೇ ಅಲ್ಲಿನ ಮಕ್ಕಳೂ ತಿಳಿದಿದ್ದರು. ಆ ತಿಳಿವಳಿಕೆ ಬದಲಾಗಲು ಸರ್ಕಾರದ ಒಬ್ಬನಾದರೂ ಲಾಠಿಯಿಲ್ಲದೆ ಅಲ್ಲಿ ಬಾಳಬೇಕಿತ್ತು. ವೀರಪ್ಪನ್ ಜೊತೆಗಾರರಲ್ಲಿ ಹಲವರು ಅವರ ಮಾತು ನಂಬಿ ಶರಣಾದರು.

ವೀರಪ್ಪನ್ ತಾನೂ ಶರಣಾಗುವುದಾಗಿ ಹೇಳಿ ಕಳಿಸಿದ. ಆಯುಧವಿಲ್ಲದೆ ಬರಬೇಕೆಂಬುದು ಕರಾರು. 1991ರ ನವೆಂಬರ್ 10ರಂದು ಶ್ರೀನಿವಾಸ್ ಹಾಗೆಯೇ ಕಾಡಿನೊಳಗೆ ನಡೆದು ಹೋದರು. ಅಲ್ಲಿ ಅವರನ್ನು ಕೊಂದರು. ಮರುವರ್ಷ ಸರ್ಕಾರ ಮರಣೋತ್ತರವಾಗಿ ಕೀರ್ತಿಚಕ್ರ ಕೊಟ್ಟಿತು. ಗೋಪಿನಾಥಂನವರು ಮಾರಿಯಮ್ಮನ ಗುಡಿಯಲ್ಲಿ ಅವರ ಭಾವಚಿತ್ರ ಇಟ್ಟುಕೊಂಡರು.

ಇದು ಒಳ್ಳೆಯ ನಾಯಕತ್ವವೇ, ದುಡುಕೇ? ಆಡಳಿತದ ಕಣ್ಣಲ್ಲಿ ನೋಡಿದರೆ ಹಿರಿಯ ಅಧಿಕಾರಿಯೊಬ್ಬ ಕಾವಲಿಲ್ಲದೆ ಕೊಲೆಗಾರನ ಮಾತು ನಂಬಿ ಹೋದದ್ದು ದೊಡ್ಡ ಲೋಪ. ಅವರ ಸಾವಿನ ನಂತರ ಗೋಪಿನಾಥಂ ಮತ್ತೆ ಹಳೆಯ ಭಯಕ್ಕೇ ಮರಳಿತು. 2000ದಲ್ಲಿ ಗಾಜನೂರಿನಿಂದ ಡಾ. ರಾಜ್‌ಕುಮಾರ್ ಅಪಹರಣ, 2002ರಲ್ಲಿ ಕಾಮಗೆರೆಯಿಂದ ಮಾಜಿ ಸಚಿವ ಎಚ್. ನಾಗಪ್ಪ ಅಪಹರಣ, ಬಳಿಕ ಅವರ ಸಾವು. 2004ರಲ್ಲಿ ವೀರಪ್ಪನ್ ಸತ್ತದ್ದು ಗುಂಡಿನಿಂದಲೇ ಹೊರತು ಮನಃಪರಿವರ್ತನೆಯಿಂದಲ್ಲ. ಫಲಿತಾಂಶವನ್ನೇ ತೂಗುವವರಿಗೆ ಶ್ರೀನಿವಾಸ್ ಸೋತರು. ನಾನು ಆ ತಕ್ಕಡಿಯನ್ನು ಒಪ್ಪುವವನಲ್ಲ. ಆದರೂ ಒಂದು ಕೊರತೆ ಕಾಣುತ್ತದೆ. ಅವರು ಕಟ್ಟಿದ ವಿಶ್ವಾಸವೆಲ್ಲ ಅವರೊಬ್ಬರ ಮೈಮೇಲೆ ನಿಂತಿತ್ತು. ಆ ಒಬ್ಬ ಇಲ್ಲವಾದ ದಿನ ಅದನ್ನು ಮುಂದುವರಿಸಲು ಇಲಾಖೆಯಲ್ಲೂ ಯಾರೂ ಇರಲಿಲ್ಲ, ಊರಲ್ಲೂ ಯಾರೂ ಇರಲಿಲ್ಲ. ತಪ್ಪು ಅವರದಲ್ಲ, ಅವರಿಗೆ ಕಾಲ ಸಿಗಲಿಲ್ಲ.

ಗುಂಡ್ಲುಪೇಟೆಯ ಕತೆ ಬೇರೆ ಬಗೆಯದು. 1957ರಿಂದ 2013ರವರೆಗೆ ಆ ಕ್ಷೇತ್ರದಲ್ಲಿ 13 ಸಾರ್ವತ್ರಿಕ ಚುನಾವಣೆಗಳು ನಡೆದವು. ಅದರಲ್ಲಿ 12ರಲ್ಲಿ ಗೆದ್ದವರು ಇಬ್ಬರೇ: ಏಳು ಸಲ ಕೆ.ಎಸ್. ನಾಗರತ್ನಮ್ಮ, ಐದು ಸಲ ಎಚ್.ಎಸ್. ಮಹದೇವ ಪ್ರಸಾದ್. 1978 ಒಂದೇ ಹೊರತು. ಹೀಗೆ ಒಬ್ಬರನ್ನೇ ಪದೇ ಪದೇ ಆರಿಸುವುದನ್ನು ಜನರ ಮುಗ್ಧತೆ ಎನ್ನುವವರಿದ್ದಾರೆ. ನಾಗರತ್ನಮ್ಮನವರ ವಿಷಯದಲ್ಲಿ ಆ ಮಾತು ನಿಲ್ಲುವುದಿಲ್ಲ. ಅವರು ಪಕ್ಷದ ಚಿಹ್ನೆಯಿಲ್ಲದೆ ಪಕ್ಷೇತರರಾಗಿಯೂ ಗೆದ್ದವರು. 1957ರಲ್ಲಿ, ಹೆಣ್ಣುಮಕ್ಕಳು ಸಂತೆಗೆ ಹೋದರೂ ಹಿಂದೆ ಮಾತು ಹುಟ್ಟುತ್ತಿದ್ದ ಹಳ್ಳಿಗಳಲ್ಲಿ, ಒಬ್ಬ ಹೆಂಗಸು ಮತ ಕೇಳಿ ಗೆದ್ದು ಬಂದದ್ದು ಸಣ್ಣ ಸಂಗತಿಯಲ್ಲ.

1972ರ ಮಾರ್ಚ್‌ನಲ್ಲಿ ಅವರು ವಿಧಾನಸಭೆಯ ಅಧ್ಯಕ್ಷರಾದರು. ಆ ಪೀಠದಲ್ಲಿ ಕೂತ ಮೊದಲ ಮಹಿಳೆ, ಇಂದಿನವರೆಗೂ ಒಬ್ಬರೇ. ಅವರು ಕೂತ ಕಾಲವಾದರೂ ಎಂಥದು! 1972ರ ಜುಲೈನಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಿಡುವ ನಿರ್ಣಯ ಸದನದ ಮುಂದೆ ಬಂತು. ಹಳೆ ಮೈಸೂರಿನವರಿಗೆ ತಮ್ಮ ಹೆಸರು ಹೋಗುವ ನೋವು, ಉತ್ತರದವರಿಗೆ ಹದಿನಾರು ವರ್ಷ ಕಾದ ಅಸಹನೆ. ಪೀಠದಲ್ಲಿದ್ದವರು ಅಪ್ಪಟ ಹಳೆ ಮೈಸೂರಿನ ಗುಂಡ್ಲುಪೇಟೆಯವರು. ಮರುವರ್ಷ ಭೂಸುಧಾರಣೆಯ ತಿದ್ದುಪಡಿ ಬಂತು. ಗೇಣಿದಾರನೇ ಭೂಮಿಯ ಒಡೆಯನಾಗುವ ಈ ಕಾನೂನು 1974ರ ಮಾರ್ಚ್ 1ರಿಂದ ಜಾರಿಯಾಯಿತು. ಸದನದಲ್ಲಿ ಜಮೀನು ಕಳೆದುಕೊಳ್ಳುವವರೂ ಇದ್ದರು, ಪಡೆಯುವವರ ಪರ ನಿಂತವರೂ ಇದ್ದರು. ಆಮೇಲೆ ತುರ್ತು ಪರಿಸ್ಥಿತಿ. ಇಷ್ಟೆಲ್ಲ ನಡೆಯುವಾಗ ಅಧ್ಯಕ್ಷರ ಕೆಲಸವೆಂದರೆ ತಾವು ವಾದಿಸದೆ ವಾದಿಸುವವರಿಗೆ ಸಮಯ ಹಂಚುವುದು. ಮತ ಹಾಕುವ ಹಕ್ಕೂ ಅವರಿಗೆ ಸಿಗುವುದು ಎರಡು ಕಡೆಯ ಮತ ಸಮವಾದಾಗ ಮಾತ್ರ. ನಮ್ಮಲ್ಲಿ ನಾಯಕರೆಂದರೆ ಮೈಕು ಬಿಡದವರು ಎಂದಾಗಿಬಿಟ್ಟಿದೆ. ಇನ್ನೊಬ್ಬರ ಮಾತು ಮುಗಿಯುವವರೆಗೆ ಕೇಳಿಸಿಕೊಂಡು ಕೂರುವುದನ್ನೂ ನಾಯಕತ್ವದಲ್ಲಿ ಎಣಿಸಬೇಕೆಂದು ನನಗನ್ನಿಸುವುದು ಆ ಪೀಠದ ಕೆಲಸವನ್ನು ನೋಡಿದಾಗ. 1980ರ ದಶಕದಲ್ಲಿ ಅದೇ ಸದನದಲ್ಲಿ ನಾಗರತ್ನಮ್ಮ ವಿರೋಧ ಪಕ್ಷದ ನಾಯಕಿಯಾದರು. ಹಿಂದೆ ಇತರರಿಗೆ ಸಮಯ ಹಂಚಿದವರು ಈಗ ಇನ್ನೊಬ್ಬರಿಂದ ಸಮಯ ಕೇಳಿ ಮಾತಾಡಬೇಕಾಯಿತು.

ಮಹದೇವ ಪ್ರಸಾದ್ ಪಕ್ಷ ಬದಲಿಸಿದರೂ ಕ್ಷೇತ್ರ ಅವರನ್ನು ಬದಲಿಸಲಿಲ್ಲ. 2017ರ ಜನವರಿಯಲ್ಲಿ ಸಚಿವರಾಗಿದ್ದಾಗಲೇ ತೀರಿಕೊಂಡರು. ಉಪಚುನಾವಣೆಯಲ್ಲಿ ಪತ್ನಿ ಗೆದ್ದರು, 2018ರಲ್ಲಿ ಸೋತರು, 2023ರಲ್ಲಿ ಮಗ ಗೆದ್ದರು. ಜನ ಒಪ್ಪಿ ಕೊಟ್ಟದ್ದನ್ನು ಆಕ್ಷೇಪಿಸಲು ನಾನು ಯಾರು? ಆದರೆ ಇದು ಗುಂಡ್ಲುಪೇಟೆಯೊಂದರ ಮಾತಲ್ಲ. ಇಡೀ ರಾಜ್ಯದಲ್ಲಿ ನಾಯಕ ಹೋದ ಮೇಲೆ ಜನ ಮೊದಲು ಕೇಳುವುದು ‘ಮನೆಯಲ್ಲಿ ಯಾರಿದ್ದಾರೆ’ ಎಂದು. ಜೊತೆಯಲ್ಲಿ ಇಪ್ಪತ್ತು ವರ್ಷ ಬ್ಯಾನರ್ ಕಟ್ಟಿದ ಕಾರ್ಯಕರ್ತ ಆ ಪ್ರಶ್ನೆಗೆ ಉತ್ತರವಾಗುವುದೇ ಇಲ್ಲ.

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವವರಿಗೆ ಮದ್ದೂರು ಚೆಕ್‌ಪೋಸ್ಟ್ ಗೊತ್ತು, ಊಟಿಗೆ ಹೋಗುವವರಿಗೆ ಮೇಲುಕಾಮನಹಳ್ಳಿ. ರಾತ್ರಿ ಒಂಬತ್ತಕ್ಕೆ ಗೇಟು ಬಿದ್ದರೆ ತೆಗೆಯುವುದು ಬೆಳಗ್ಗೆ ಆರಕ್ಕೆ. ಬಂಡೀಪುರದ ನಡುವೆ ಹಾಯುವ ಹೆದ್ದಾರಿಗಳಲ್ಲಿ ರಾತ್ರಿ ಲಾರಿಗಳಿಗೆ ಸಿಕ್ಕಿ ಜಿಂಕೆ, ಕಡವೆ, ಚಿರತೆ ಸಾಯುತ್ತಿದ್ದವು. 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ರಾತ್ರಿ ಸಂಚಾರ ನಿಷೇಧಿಸಿದರು. ಗಡಿಯಾಚೆಯಿಂದ ಒತ್ತಡ ಬಂತು, ಕೆಲವೇ ದಿನಗಳಲ್ಲಿ ಆದೇಶ ವಾಪಸಾಯಿತು. ವಿಷಯ ಹೈಕೋರ್ಟಿಗೆ ಹೋಯಿತು. ನ್ಯಾಯಾಲಯ ನಿಷೇಧವನ್ನು ಮತ್ತೆ ಜಾರಿಗೆ ತಂದು 2010ರ ಮಾರ್ಚ್‌ನಲ್ಲಿ ಎತ್ತಿಹಿಡಿಯಿತು. ಆಂಬುಲೆನ್ಸಿಗೆ, ಕೆಲವೇ ಬಸ್ಸುಗಳಿಗೆ ವಿನಾಯಿತಿ. 2019ರಲ್ಲಿ ವಯನಾಡಿನಲ್ಲಿ ಇದರ ವಿರುದ್ಧ ದೊಡ್ಡ ಸತ್ಯಾಗ್ರಹವೇ ನಡೆಯಿತು. ಅವರ ಕಷ್ಟವೂ ಸುಳ್ಳಲ್ಲ. ಇಲ್ಲಿನ ತರಕಾರಿ ಅಲ್ಲಿಗೆ ಹೋಗುವುದು ಇದೇ ರಸ್ತೆಯಲ್ಲಿ. ಗುಂಡ್ಲುಪೇಟೆಯ ರೈತನಿಗೂ ಕೇರಳದ ಮಾರುಕಟ್ಟೆ ಬೇಕು. ಇಂಥ ಕಡೆ ನಿರ್ಧಾರ ಮಾಡುವವರಿಗೆ ಚಪ್ಪಾಳೆ ಸಿಗುವುದಿಲ್ಲ. ಉಪಕಾರ ಪಡೆದ ಜಿಂಕೆಗೆ ಮತವಿಲ್ಲ, ತೊಂದರೆಯಾದವರಿಗೆ ಎರಡು ರಾಜ್ಯಗಳಲ್ಲಿ ಮತವಿದೆ. ಮೊದಲ ಆದೇಶಕ್ಕೆ ಸಹಿ ಹಾಕಿದ ಕೈ ಅದನ್ನು ತಿಳಿದೇ ಹಾಕಿರಬೇಕು.

ಇನ್ನು ಬಿಳಿಗಿರಿರಂಗನ ಬೆಟ್ಟ. ಈ ಲೇಖನ ಹೊರಟದ್ದೇ ಅಲ್ಲಿಗೆ.

ಬೆಟ್ಟದ ಬುಡಕಟ್ಟು ಜನ ಸೋಲಿಗರು ಅಲ್ಲಿನ ರಂಗನಾಥನನ್ನು ಸ್ವಾಮಿ ಎನ್ನುವುದಕ್ಕಿಂತ ರಂಗಭಾವ ಎನ್ನುವುದೇ ಹೆಚ್ಚು. ಅವನು ತಮ್ಮ ಹೆಣ್ಣು ಕುಸುಮಾಲೆಯನ್ನು ಕಟ್ಟಿಕೊಂಡವನು, ಹಾಗಾಗಿ ಭಾವ. ದೇವರನ್ನೇ ನೆಂಟನಾಗಿಸಿಕೊಂಡ ಈ ಜನ ಹೊರಗಿನಿಂದ ಬಂದ ದೊಡ್ಡವರಿಗೆ ಸುಲಭವಾಗಿ ತಲೆಬಾಗುವವರಲ್ಲ. ಹತ್ತಿರ ಸುಳಿಯುವವರೂ ಅಲ್ಲ. ಅವರ ವಾಸ ಪೋಡುಗಳಲ್ಲಿ. ಪ್ರತಿ ಪೋಡಿಗೂ ಯಜಮಾನ. ಜಗಳ, ಮದುವೆ, ತಪ್ಪುದಂಡ, ರೊಟ್ಟಿ ಹಬ್ಬ ಎಲ್ಲಕ್ಕೂ ಅವನು ಕುಲದವರನ್ನು ಕೂರಿಸಿಕೊಂಡು ಮಾತಾಡಬೇಕು. ಒಬ್ಬನೇ ತೀರ್ಮಾನಿಸುವಂತಿಲ್ಲ.

1970ರ ದಶಕದ ಕೊನೆಗೆ ಎಚ್. ಸುದರ್ಶನ್ ಎಂಬ ತರುಣ ವೈದ್ಯರು ಅಲ್ಲಿಗೆ ಬಂದರು. ಬೆಂಗಳೂರಿನ ಯಮಲೂರಿನವರು, 1973ರಲ್ಲಿ ಬೆಂಗಳೂರು ಮೆಡಿಕಲ್ ಕಾಲೇಜಿನಿಂದ ಎಂಬಿಬಿಎಸ್, ರಾಮಕೃಷ್ಣ ಆಶ್ರಮದ ಸೇವೆಯ ಹಿನ್ನೆಲೆ. ಪೋಡಿನ ಜನ ಮೊದಮೊದಲು ಅವರನ್ನು ಕಂಡರೆ ಕಾಡು ಸೇರುತ್ತಿದ್ದರು. ಪ್ಯಾಂಟು ಹಾಕಿ ಬಂದವರಿಂದ ಒಳ್ಳೆಯದಾದ ನೆನಪು ಅವರಿಗೆ ಇರಲಿಲ್ಲ. 1974ರಲ್ಲಿ ಬೆಟ್ಟವನ್ನು ವನ್ಯಧಾಮವೆಂದು ಸಾರಿದ ಮೇಲೆ ಅವರ ಬೇಟೆ ನಿಂತಿತ್ತು, ಜಾಗ ಬದಲಿಸುತ್ತ ರಾಗಿ ಬೆಳೆಯುವ ಬೇಸಾಯ ನಿಂತಿತ್ತು, ಎಷ್ಟೋ ಪೋಡುಗಳನ್ನು ಕಾಡಿನ ಒಳಗಿನಿಂದ ಅಂಚಿಗೆ ತಂದು ಕೂರಿಸಿದ್ದರು. ಡಾಕ್ಟರು ಕಾದರು, ಪೋಡಿಂದ ಪೋಡಿಗೆ ನಡೆದರು. 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಶುರುವಾಯಿತು. ಕೆಲವೇ ಮಕ್ಕಳ ಒಂದು ಶಾಲೆಯೂ ಜೊತೆಗೆ. ಸೋಲಿಗರಲ್ಲಿ ಸಿಕಲ್ ಸೆಲ್ ಅನೀಮಿಯಾ ಇರುವುದನ್ನು ಗುರುತಿಸಿ ದಾಖಲಿಸಿದರು. ಬೆಟ್ಟದ ಕೆಳಗಿನ ಯಳಂದೂರು ತಾಲ್ಲೂಕಿನಲ್ಲಿ ಕುಷ್ಠ ರೋಗ ವ್ಯಾಪಕವಾಗಿತ್ತು. ಅದಕ್ಕೆಂದೇ 1986ರಲ್ಲಿ ಕರುಣಾ ಟ್ರಸ್ಟ್ ಹುಟ್ಟಿತು. 1996ರಲ್ಲಿ ಸರ್ಕಾರ ಗುಂಬಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೇ ಆ ಟ್ರಸ್ಟಿನ ಕೈಗೆ ಕೊಟ್ಟಿತು. ರೈಟ್ ಲೈವ್ಲಿಹುಡ್ ಪ್ರಶಸ್ತಿ 1994ರಲ್ಲಿ, ಪದ್ಮಶ್ರೀ 2000ದಲ್ಲಿ. ಬಳಿಕ ಲೋಕಾಯುಕ್ತದಲ್ಲಿ ಆರೋಗ್ಯ ವಿಭಾಗದ ಜಾಗೃತ ನಿರ್ದೇಶಕರಾಗಿ ತಮ್ಮದೇ ವೃತ್ತಿಯ ಭ್ರಷ್ಟರ ಬೆನ್ನು ಹತ್ತಿದರು.

ಇಷ್ಟರಲ್ಲೇ ನಿಂತರೆ ಇದು ‘ತ್ಯಾಗಜೀವಿ ವೈದ್ಯ’ ಎಂಬ ತಲೆಬರಹಕ್ಕೆ ಒಗ್ಗುವ ಕತೆ. ನಮ್ಮ ಪತ್ರಿಕೆಗಳಿಗೆ ಅಂಥ ಕತೆ ಇಷ್ಟ. ಒಬ್ಬ ಮಹಾತ್ಮ ಬಂದ, ಬಡವರನ್ನು ಉದ್ಧರಿಸಿದ, ಎಲ್ಲರೂ ಕೈ ಮುಗಿದರು. ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್ ದೂರವಾಣಿ ಕಂಪನಿಯೊಂದರಲ್ಲಿ ಜೀವಮಾನ ದುಡಿದು ನಿವೃತ್ತರಾದವರು. ಸೇವಕನೇ ನಾಯಕ ಎಂಬ ವಿಚಾರದ ಬಗ್ಗೆ 1970ರಲ್ಲಿ ಒಂದು ಪ್ರಬಂಧ ಬರೆದರು. ಇಂಥ ನಾಯಕನನ್ನು ಅಳೆಯಲು ಅವರು ಕೊಟ್ಟ ಒರೆಗಲ್ಲು ಕಠಿಣವಾದದ್ದು. ಸೇವೆ ಪಡೆದವರು ಬೆಳೆದರೇ, ಹೆಚ್ಚು ಸ್ವತಂತ್ರರಾದರೇ, ತಾವೂ ಮುಂದೆ ಬಂದು ಹೊಣೆ ಹೊರುವವರಾದರೇ ಎಂದು ನೋಡಬೇಕಂತೆ. ಆಸ್ಪತ್ರೆಯ ಹಾಸಿಗೆ ಎಷ್ಟು, ಪ್ರಶಸ್ತಿ ಎಷ್ಟು ಎಂಬುದು ಆ ಒರೆಗೆ ಹತ್ತುವುದಿಲ್ಲ.

ಬೆಟ್ಟದ ಕತೆಯಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅದರ ಎರಡನೆಯ ಅಧ್ಯಾಯ. ಸೋಲಿಗರ ಅಭಿವೃದ್ಧಿ ಸಂಘಗಳು ಎದ್ದವು. ಪೋಡು, ತಾಲ್ಲೂಕು, ಜಿಲ್ಲೆ ಎಂದು ಅವರೇ ಸಭೆ ಸೇರತೊಡಗಿದರು. ಜೇನು, ನೆಲ್ಲಿಕಾಯಿ, ಪಾಚಿ ತಂದು ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘಕ್ಕೆ ಹಾಕಿ ಬದುಕುತ್ತಿದ್ದವರಿಗೆ 2000ದ ದಶಕದ ಮಧ್ಯದಲ್ಲಿ ದೊಡ್ಡ ಪೆಟ್ಟು ಬಿತ್ತು. ವನ್ಯಜೀವಿ ಕಾನೂನಿನ ಹೆಸರಲ್ಲಿ ಆ ಸಂಗ್ರಹಣೆಯೂ ನಿಂತಿತು. 2006ರಲ್ಲಿ ಅರಣ್ಯ ಹಕ್ಕು ಕಾಯ್ದೆ ಬಂತು. ಆ ಕಾಯ್ದೆಯನ್ನು ಓದಿ, ಪೋಡುಗಳಿಗೆ ಹೋಗಿ ವಿವರಿಸಿ, ಅರ್ಜಿ ಬರೆಸಿದವರಲ್ಲಿ ಬೆಟ್ಟದ ಶಾಲೆಯಲ್ಲಿ ಕಲಿತ ಸೋಲಿಗ ಯುವಕರಿದ್ದರು. ಅವರಲ್ಲೊಬ್ಬರು ಸಿ. ಮಾದೇಗೌಡ. ಆ ಶಾಲೆಯಲ್ಲಿ ಓದಿ, ಮುಂದೆ ಡಾಕ್ಟರೇಟ್ ಪಡೆದು ಸಂಶೋಧಕರಾದವರು, ಸಂಘಟನೆಯನ್ನೂ ಬಿಡದವರು.

ಅರ್ಜಿಗೆ ಪುರಾವೆ ಬೇಕಲ್ಲ? ಸೋಲಿಗರ ಬಳಿ ಪಹಣಿ ಇಲ್ಲ, ಪತ್ರವಿಲ್ಲ. ಆದರೆ ದೊಡ್ಡಸಂಪಿಗೆ ಮರವಿದೆ, ದೇವರು, ಮಾರಿ, ವೀರ, ಅಬ್ಬಿ, ಕಲ್ಲುಗುಡಿ ಎಂದು ಕುಲಕುಲಕ್ಕೂ ಕಾಡಿನೊಳಗೆ ನೆಲೆಗಳಿವೆ. ಹಿರಿಯರು ಮುಂದೆ ನಡೆದು ತೋರಿಸಿದರು, ಕಿರಿಯರು ಹಿಂದೆ ಜಿಪಿಎಸ್ ಹಿಡಿದು ಗುರುತಿಸಿದರು. ಪರಿಸರ ಸಂಶೋಧನಾ ಸಂಸ್ಥೆಯಾದ ಅಶೋಕ ಟ್ರಸ್ಟ್‌ನ ವಿಜ್ಞಾನಿಗಳು ಜೊತೆಗಿದ್ದರು. ಹೀಗೆ ನೂರಾರು ನೆಲೆಗಳ ಒಂದು ನಕ್ಷೆ ತಯಾರಾಯಿತು. ಆ ನಡಿಗೆಯಲ್ಲಿ ಮುಂದಿದ್ದ ಅಜ್ಜನಿಗೆ ದಾರಿ ಗೊತ್ತು, ಯಂತ್ರ ಗೊತ್ತಿಲ್ಲ. ಹಿಂದಿದ್ದ ಹುಡುಗನಿಗೆ ಯಂತ್ರ ಗೊತ್ತು, ದಾರಿ ಗೊತ್ತಿಲ್ಲ. ಯಾರು ನಾಯಕ ಎಂದು ಅಲ್ಲಿ ಯಾರೂ ಕೇಳಿಕೊಂಡಂತಿಲ್ಲ. ಸೋಲಿಗರು ಹಿಂದೆ ಬೇಸಿಗೆಯ ಮೊದಲಿಗೆ ಹಾಕುತ್ತಿದ್ದ ತರಗು ಬೆಂಕಿ ನಿಂತದ್ದರಿಂದಲೇ ಕಾಡಿನ ತುಂಬ ಲಂಟಾನ ಕಳೆ ಹಬ್ಬಿತು ಎಂದು ಅಜ್ಜಂದಿರು ಹೇಳುತ್ತಿದ್ದ ಮಾತನ್ನು ಇದೇ ಕಿರಿಯರು ಸಂಶೋಧನಾ ಪ್ರಬಂಧವಾಗಿಸಿ ಲೋಕದ ಮುಂದಿಟ್ಟರು.

2011ರ ಜನವರಿಯಲ್ಲಿ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾಯಿತು. ಈಗ ಇವರನ್ನು ಒಕ್ಕಲೆಬ್ಬಿಸುತ್ತಾರೆ ಎಂಬ ಭಯ ಹಬ್ಬಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ದೇಶದಲ್ಲಿ ಹುಲಿಧಾಮವೊಂದರೊಳಗೆ ಸಮುದಾಯಕ್ಕೆ ಇಂಥ ಹಕ್ಕು ದೊರೆತದ್ದು ಅದೇ ಮೊದಲು. ಜನ ಕಾಡಿನಲ್ಲಿದ್ದರೆ ಹುಲಿ ಉಳಿಯುವುದಿಲ್ಲ ಎಂದವರಿದ್ದರು. 2010ರಿಂದ 2014ರ ನಡುವೆ ಅಲ್ಲಿನ ಹುಲಿಗಳ ಅಂದಾಜು ಸಂಖ್ಯೆ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಜನರಿದ್ದುದರಿಂದಲೇ ಹೆಚ್ಚಿತು ಎಂದು ಹೇಳುವಷ್ಟು ಸರಳ ಲೆಕ್ಕ ಅದಲ್ಲ, ಜನರಿದ್ದೂ ಹೆಚ್ಚಿತು ಎಂಬುದು ಮಾತ್ರ ಕಣ್ಣಿಗೆ ಕಾಣುವ ಸತ್ಯ.

ಡಾಕ್ಟರ ಹೆಸರು ಈ ಎರಡನೆಯ ಅಧ್ಯಾಯದಲ್ಲಿ ಹಿಂದೆ ಸರಿಯುತ್ತದೆ. ನನ್ನ ಮಟ್ಟಿಗೆ ಅವರ ದೊಡ್ಡ ಸಾಧನೆ ಅದೇ. ಒಬ್ಬ ವೈದ್ಯ ಬೆಟ್ಟಕ್ಕೆ ಬಂದು ಆಸ್ಪತ್ರೆ ಕಟ್ಟಬಹುದು. ಆದರೆ ತನ್ನ ಶಾಲೆಯಲ್ಲಿ ಓದಿದ ಹುಡುಗ ಅಧಿಕಾರಿಯ ಮುಂದೆ ಕಾನೂನಿನ ಪುಸ್ತಕ ತೆರೆದಿಟ್ಟು, ‘ಸಾರ್, ಈ ಸೆಕ್ಷನ್ ಹಿಂಗೆ ಹೇಳ್ತದೆ’ ಎನ್ನುವಾಗ ಪಕ್ಕದಲ್ಲಿ ತಾನಿಲ್ಲದಂತೆ ನೋಡಿಕೊಳ್ಳುವುದು ಸುಲಭವಲ್ಲ. ಸೇವೆಗೂ ಒಂದು ಅಹಂಕಾರವಿದೆ. ತಾನಿಲ್ಲದೆ ನಡೆಯದು ಎಂಬ ಅಹಂಕಾರ ಕುರ್ಚಿಯ ಅಹಂಕಾರಕ್ಕಿಂತ ಗಟ್ಟಿ, ಏಕೆಂದರೆ ಅದಕ್ಕೆ ಒಳ್ಳೆಯತನದ ಹೊದಿಕೆ ಇರುತ್ತದೆ. ಗೋಪಿನಾಥಂನಲ್ಲಿ ಶ್ರೀನಿವಾಸರಿಗೆ ಸಿಗದ ಕಾಲ ಇಲ್ಲಿ ಸಿಕ್ಕಿತು. ಶಾಲೆಗೆ ಸೇರಿದ ಮಗು ನಕ್ಷೆ ಬಿಡಿಸುವ ಸಂಶೋಧಕನಾಗಲು ಮೂವತ್ತು ವರ್ಷ ಬೇಕು. ಐದು ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸುವ ವ್ಯವಸ್ಥೆಗೆ ಅಷ್ಟು ತಾಳ್ಮೆ ಇರುವುದಿಲ್ಲ.

ಬೆಟ್ಟದಲ್ಲಿ ಎಲ್ಲವೂ ಸರಿಹೋಯಿತೆಂದು ಭಾವಿಸಬೇಕಿಲ್ಲ. ಹಕ್ಕುಪತ್ರ ಕೊಟ್ಟ ಸರ್ಕಾರವೇ ಕಾಡಿನ ನಿರ್ವಹಣೆಯಲ್ಲಿ ಗ್ರಾಮಸಭೆಗೆ ಎಷ್ಟು ಮಾತಿದೆ ಎಂಬುದಕ್ಕೆ ಬಂದಾಗ ತಡವರಿಸುತ್ತದೆ. ಲಂಟಾನ ಇನ್ನೂ ಇದೆ. ಓದಿದ ಹುಡುಗರು ಕೆಲಸಕ್ಕೆಂದು ಕೆಳಗಿಳಿಯುತ್ತಾರೆ, ಕಾಫಿ ತೋಟದ ಕೂಲಿ, ದೂರದ ಊರಿನ ಕಾವಲು ಕೆಲಸ. ಸಂಘದೊಳಗೆ ಭಿನ್ನಾಭಿಪ್ರಾಯಗಳೂ ಇವೆ, ಇರಬೇಕಾದ್ದೇ. ಬದಲಾದದ್ದು ತೀರ್ಮಾನವಾಗುವ ಜಾಗ. ಅರಣ್ಯ ಹಕ್ಕು ನಿಯಮಗಳಿಗೆ 2012ರಲ್ಲಿ ಬಂದ ತಿದ್ದುಪಡಿಯಂತೆ ಗ್ರಾಮಸಭೆಯ ಕೋರಂಗೆ ಸದಸ್ಯರಲ್ಲಿ ಅರ್ಧದಷ್ಟು ಜನ ಬೇಕು, ಸೇರಿದವರಲ್ಲಿ ಮೂರನೇ ಒಂದು ಭಾಗ ಹೆಂಗಸರಿರಬೇಕು. ಹಿಂದಿನ ಕುಲಪಂಚಾಯಿತಿಯಲ್ಲಿ ಗಂಡಸರು ಮಾತಾಡಿ ಮುಗಿಸುತ್ತಿದ್ದ ವಿಷಯಕ್ಕೆ ಈಗ ಯಜಮಾನ ಪೋಡಿನ ಹೆಂಗಸರನ್ನು ಕರೆದು ಕೂರಿಸಬೇಕು, ಅವರು ಬಾರದಿದ್ದರೆ ಸಭೆಯನ್ನು ಇನ್ನೊಂದು ದಿನಕ್ಕೆ ಹಾಕಬೇಕು.